ಟರ್ಬೊ ಕೆಟ್ಟಿತು, ವಾರಂಟಿ ಅನ್ವಯಿಸದು ಎಂದರು: ಈಗೇನು ಮಾಡಬೇಕು?

ಪ್ರಶ್ನೆ: 2021ರ ಮಾರ್ಚ್‌ನಲ್ಲಿ ಡೀಸೆಲ್ ಎಸ್‌ಯುವಿ ಕೊಂಡೆ. ಕಂಪನಿಯ ಮೂರು ವರ್ಷದ ವಾರಂಟಿಯ ಮೇಲೆ ಇನ್ನೆರಡು ವರ್ಷದ ವಿಸ್ತರಿತ ವಾರಂಟಿಗೆಂದು 21,000 ರೂಪಾಯಿ ಕಟ್ಟಿದ್ದೆ. ಮೀಟರ್ 68,000 ಕಿಲೋಮೀಟರ್ ತೋರಿಸುತ್ತಿದ್ದಾಗ, ವಾರಂಟಿ ಮುಗಿಯಲು ನಾಲ್ಕು ತಿಂಗಳಿದ್ದಾಗ, ಮಂಗಳೂರಿನಿಂದ ಬರುತ್ತಾ ಶಿರಾಡಿ ಘಾಟಿಯಲ್ಲಿ ಎಂಜಿನ್ ಎಳೆಯುವುದನ್ನೇ ನಿಲ್ಲಿಸಿತು. ಹಿಂದೆ ನೀಲಿ ಹೊಗೆ, ಮುಂದೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ. ಸಕಲೇಶಪುರದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ನಿಧಾನವಾಗಿ ಹಾಸನದವರೆಗೆ ಓಡಿಸಿಕೊಂಡು ಬಂದೆ. ಅಧಿಕೃತ ಸರ್ವೀಸ್ ಸೆಂಟರ್‌ನವರು ಬಿಚ್ಚಿ ನೋಡಿ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಹೋಗಿದೆ ಎಂದರು. ಎರಡು ದಿನ ಬಿಟ್ಟು, ಕ್ಲೇಮ್ ತಿರಸ್ಕಾರವಾಗಿದೆ ಎಂದು ಫೋನಿನಲ್ಲಿ ಹೇಳಿದರು. ಕಾರಣ ಮೂರು: 40,000 ಕಿಲೋಮೀಟರಿನ ಸರ್ವೀಸ್ ಅನ್ನು 3,800 ಕಿಲೋಮೀಟರ್ ತಡವಾಗಿ ಮಾಡಿಸಿದ್ದೇನೆ, ದೀಪ ಹೊತ್ತಿಕೊಂಡ ಮೇಲೂ ಗಾಡಿ ಓಡಿಸಿದ್ದೇನೆ, ಹೊರಗಿನ ಅಂಗಡಿಯಲ್ಲಿ ಎಲ್‌ಇಡಿ ದೀಪ, ಹಾರ್ನ್ ಹಾಕಿಸಿದ್ದೇನೆ. ನಂತರದ ಎರಡು ಸರ್ವೀಸ್‌ಗಳೂ ಇದೇ ಸರ್ವೀಸ್ ಸೆಂಟರ್‌ನಲ್ಲಿ, ಕಿಲೋಮೀಟರಿಗೆ ಸರಿಯಾಗಿ ಆಗಿವೆ. ಈಗ 94,000 ರೂಪಾಯಿಯ ಎಸ್ಟಿಮೇಟ್‌ಗೆ ಸಹಿ ಹಾಕಿ ಎನ್ನುತ್ತಿದ್ದಾರೆ. ಇಲ್ಲದಿದ್ದರೆ ಮುಂದಿನ ವಾರದಿಂದ ದಿನಕ್ಕೆ ಇಷ್ಟು ಎಂದು ನಿಲುಗಡೆ ಬಾಡಿಗೆಯಂತೆ. ಸಹಿ ಹಾಕಲೇ? ಗ್ರಾಹಕರ ಆಯೋಗಕ್ಕೆ ಹೋದರೆ ಪ್ರಯೋಜನವಿದೆಯೇ? ಅಮೆರಿಕದಲ್ಲಿರುವ ಮಗಳಿಗೂ ಇಂಥದ್ದೇ ವಾರಂಟಿ ಕೊಳ್ಳಿ ಎಂದು ದಿನವೂ ಕರೆ ಬರುತ್ತಿದೆ. ಏನು ಹೇಳಲಿ?
— ಹಾಸನದ ಓದುಗರು

ಉತ್ತರ: ಇವತ್ತು ಸಹಿ ಹಾಕಬೇಡಿ. ಗಾಡಿ ಬಿಚ್ಚಿದ ಸ್ಥಿತಿಯಲ್ಲಿ ಇರುವಷ್ಟು ದಿನ ಸಾಕ್ಷ್ಯ ನಿಮ್ಮ ಕಡೆಗಿದೆ. ಹೊಸ ಟರ್ಬೊ ಕೂಡಿಸಿ, ಹಳೆಯದು ಗುಜರಿಗೆ ಹೋಗಿ, ಎಂಜಿನ್ ಆಯಿಲ್ ಬದಲಾದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಬಿಲ್ಲು ಮಾತ್ರ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ನಿಮಗೆ ಬಂದಿರುವುದು ಫೋನ್ ಕರೆ. ಫೋನಿನಲ್ಲಿ ಹೇಳಿದ್ದನ್ನು ನಾನು ತಿರಸ್ಕಾರ ಎಂದೇ ಪರಿಗಣಿಸುವುದಿಲ್ಲ. ವಾರಂಟಿ ಎಂಬುದು ಹಣ ಪಡೆದು ಮಾಡಿಕೊಂಡ ಕರಾರು. ಅದರಿಂದ ಹಿಂದೆ ಸರಿಯುವವರು ಯಾವ ಷರತ್ತಿನ ಅಡಿ, ಯಾವ ಆಧಾರದ ಮೇಲೆ, ಯಾರ ತೀರ್ಮಾನದಂತೆ ಸರಿಯುತ್ತಿದ್ದೇವೆ ಎಂದು ಬರೆದುಕೊಡಬೇಕು. ಅಧಿಕೃತ ಸರ್ವೀಸ್ ಸೆಂಟರ್‌ಗಳ ಒಳಗಿನ ವ್ಯವಸ್ಥೆ ಹೊರಗಿನವರಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ನಿಮ್ಮೊಡನೆ ಮಾತನಾಡುವ ಸರ್ವೀಸ್ ಅಡ್ವೈಸರ್‌ಗೆ ಕ್ಲೇಮ್ ಒಪ್ಪುವ ಅಧಿಕಾರವೂ ಇಲ್ಲ, ತಿರಸ್ಕರಿಸುವ ಅಧಿಕಾರವೂ ಇಲ್ಲ. ಅವರು ವಾರಂಟಿ ವಿಭಾಗಕ್ಕೆ ಹೇಳುತ್ತಾರೆ, ಅಲ್ಲಿಂದ ಫೋಟೊ ಮತ್ತು ಸರ್ವೀಸ್ ದಾಖಲೆ ಕಂಪನಿಗೋ ವಾರಂಟಿ ಮಾರಿದ ಸಂಸ್ಥೆಗೋ ಹೋಗುತ್ತವೆ. ಎಷ್ಟೋ ಸಲ ಕ್ಲೇಮ್ ಮೇಲಕ್ಕೆ ಹೋಗಿರುವುದೇ ಇಲ್ಲ. ‘ಇದು ಹೇಗಿದ್ದರೂ ಆಗುವುದಿಲ್ಲ’ ಎಂದು ಡೀಲರ್ ಮಟ್ಟದಲ್ಲೇ ಮಡಿಚಿಟ್ಟಿರುತ್ತಾರೆ, ಏಕೆಂದರೆ ಕಂಪನಿ ನಂತರ ಕ್ಲೇಮ್ ಒಪ್ಪದಿದ್ದರೆ ಬಿಡಿಭಾಗದ ಹಣ ಡೀಲರ್ ಮೈಮೇಲೆ ಬೀಳುತ್ತದೆ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆ ‘ಯಾಕೆ ತಿರಸ್ಕರಿಸಿದಿರಿ’ ಎಂದಲ್ಲ, ‘ಕ್ಲೇಮ್ ಸಂಖ್ಯೆ ಎಷ್ಟು’ ಎಂದು.

ಇನ್ನು ಅವರ ಮೂರು ಕಾರಣಗಳು. ಸುಲಭವಾದದ್ದರಿಂದ ಶುರು ಮಾಡೋಣ. ದೀಪ, ಹಾರ್ನ್ ಹೊರಗೆ ಹಾಕಿಸಿದ್ದಕ್ಕೆ ಟರ್ಬೊಗೆ ವಾರಂಟಿ ಇಲ್ಲ ಎನ್ನುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ವೈರಿಂಗ್ ಕತ್ತರಿಸಿ ದೀಪ ಹಾಕಿಸಿದವರಿಗೆ ಹೆಡ್‌ಲೈಟ್ ಸ್ವಿಚ್ಚಿನದೋ, ಫ್ಯೂಸ್ ಬಾಕ್ಸಿನದೋ, ವೈರಿಂಗಿನದೋ ಕ್ಲೇಮ್ ನಿರಾಕರಿಸಿದರೆ ಅದರಲ್ಲಿ ತರ್ಕವಿದೆ. ಎಣ್ಣೆಯ ಪದರದ ಮೇಲೆ ತಿರುಗುವ ಟರ್ಬೊಗೂ ಬಂಪರಿನ ದೀಪಕ್ಕೂ ಏನು ಸಂಬಂಧ? ಸಿಸಿಐ ಎಂದೇ ಎಲ್ಲರೂ ಕರೆಯುವ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ತಯಾರಕ ಕಂಪನಿಗಳ ವಿರುದ್ಧ ಒಂದು ಆದೇಶ ಹೊರಡಿಸಿತು, ಒಟ್ಟು 2,544.65 ಕೋಟಿ ರೂಪಾಯಿ ದಂಡ. ಪತ್ರಿಕೆಗಳು ದಂಡದ ಮೊತ್ತವನ್ನೇ ದೊಡ್ಡದಾಗಿ ಬರೆದವು. ನಮಗೆ ಬೇಕಾದದ್ದು ಅದರೊಳಗಿನ ಇನ್ನೊಂದು ನಿರ್ದೇಶನ: ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದರೆ ವಾರಂಟಿ ಪೂರ್ತಿ ರದ್ದು ಎಂಬ ಸಾರಾಸಗಟು ಷರತ್ತು ಹಾಕುವಂತಿಲ್ಲ, ಹೊರಗಿನ ಕೆಟ್ಟ ಕೆಲಸದಿಂದ ಎಷ್ಟು ಹಾನಿಯಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದು. ಆ ಆದೇಶ ಮುಂದೆ ಮೇಲ್ಮನವಿಗಳ ದಾರಿ ಹಿಡಿಯಿತು, ಹಾಗಾಗಿ ಅದೇ ನಿಮ್ಮ ಬ್ರಹ್ಮಾಸ್ತ್ರ ಎಂದು ಹೇಳಲಾರೆ. ಆದರೂ ಪತ್ರದಲ್ಲಿ ಉಲ್ಲೇಖಿಸಿ. ಇಂಥ ಕಾರಣಗಳನ್ನು ಮೂರನೆಯದಾಗಿ, ತೂಕಕ್ಕೆಂದು ಸೇರಿಸಿರುತ್ತಾರೆ. ಒಂದು ಸಲ ಬರವಣಿಗೆಯಲ್ಲಿ ಕೇಳಿದರೆ ಮೊದಲು ಉದುರುವುದು ಅದೇ.

ಎರಡನೆಯದು, ದೀಪ ಹತ್ತಿದ ಮೇಲೂ ಓಡಿಸಿದ್ದು. ಇಲ್ಲಿ ನಿಮ್ಮದೂ ತಪ್ಪಿದೆ. ಡೀಸೆಲ್ ಗಾಡಿಯ ಹಿಂದೆ ನೀಲಿ ಹೊಗೆ ಕಂಡರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಟರ್ಬೊದ ಸೀಲು ಹೋಗಿ ಎಣ್ಣೆ ಗಾಳಿಯ ಕೊಳವೆಗೆ ನುಗ್ಗಿದರೆ ಎಂಜಿನ್ ಆ ಎಣ್ಣೆಯನ್ನೇ ಇಂಧನ ಮಾಡಿಕೊಂಡು, ಕೀಲಿ ತಿರುಗಿಸಿದರೂ ನಿಲ್ಲದೆ ಓಡಿ ಸಿಡಿದುಹೋಗುವುದುಂಟು. ಸಕಲೇಶಪುರದಿಂದ ಲಾರಿಯ ಮೇಲೆ ಹೇರಿಸಿಕೊಂಡು ಬರಬೇಕಿತ್ತು. ಹಾಗೆಂದು ಕ್ಲೇಮ್ ಸತ್ತಿತು ಎಂದಲ್ಲ. ಪ್ರಶ್ನೆ ಇರುವುದು ಟರ್ಬೊ ಯಾವಾಗ ಹೋಯಿತು ಎಂಬುದರಲ್ಲಿ. ದೀಪ ಹತ್ತುವ ಮೊದಲೇ, ಘಾಟಿಯಲ್ಲೇ ಹೋಗಿದ್ದರೆ, ಆಮೇಲೆ ಓಡಿಸಿದ್ದರಿಂದ ಅದು ಮತ್ತೊಮ್ಮೆ ಹೋಗಲು ಸಾಧ್ಯವಿಲ್ಲ. ನಿಧಾನವಾಗಿ ಓಡಿಸಿದ್ದರಿಂದ ಬೇರೆ ಭಾಗಕ್ಕೆ ಹಾನಿಯಾಗಿದ್ದರೆ ಆ ಭಾಗದ ಹಣವನ್ನು ಮಾತ್ರ ಅವರು ನಿಮ್ಮ ಮೇಲೆ ಹಾಕಬಹುದು. ಇನ್ನೊಂದು: ನಿಮ್ಮ ಗಾಡಿಯ ಕೈಪಿಡಿ ತೆಗೆದು ದೀಪಗಳ ಪುಟ ಓದಿ. ಕೆಂಪು ದೀಪವಾದರೆ ತಕ್ಷಣ ನಿಲ್ಲಿಸಿ ಎಂದಿರುತ್ತದೆ. ಹಳದಿ ಎಂಜಿನ್ ದೀಪಕ್ಕೆ ಹೆಚ್ಚಿನ ಕೈಪಿಡಿಗಳು ಬೇಗನೆ ಸರ್ವೀಸ್ ಸೆಂಟರ್‌ಗೆ ಒಯ್ಯಿರಿ ಎನ್ನುತ್ತವೆ. ಅವರ ಕೈಪಿಡಿಯೇ ‘ಒಯ್ಯಿರಿ’ ಎಂದಿದ್ದರೆ, ಒಯ್ದದ್ದಕ್ಕೆ ನಿಮ್ಮನ್ನು ದೂರಲು ಬರುವುದಿಲ್ಲ.

ಇದನ್ನು ತೀರ್ಮಾನಿಸುವ ಸಾಕ್ಷಿ ನಿಮ್ಮ ಗಾಡಿಯೊಳಗೇ ಕುಳಿತಿದೆ. ದೋಷ ದಾಖಲಾದ ಗಳಿಗೆಯಲ್ಲಿ ಎಂಜಿನ್ ಎಷ್ಟು ಸುತ್ತುತ್ತಿತ್ತು, ವೇಗ ಎಷ್ಟಿತ್ತು, ಶಾಖ ಎಷ್ಟಿತ್ತು ಎಂಬುದನ್ನು ಎಂಜಿನ್ನಿನ ಕಂಪ್ಯೂಟರ್ ಒಂದು ಚಿತ್ರ ಹಿಡಿದಂತೆ ಉಳಿಸಿಕೊಂಡಿರುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಫ್ರೀಜ್ ಫ್ರೇಮ್ ಎನ್ನುತ್ತಾರೆ. ದೀಪ ಉರಿಯುತ್ತಿರುವಾಗ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ, ಹಳೆಯ ದೋಷಗಳನ್ನು ಅಳಿಸಿದ ಮೇಲೆ ಎಷ್ಟು ಓಡಿದೆ ಎಂಬ ಎರಡು ಲೆಕ್ಕಗಳನ್ನೂ ಸ್ಕ್ಯಾನರ್ ಓದಬಲ್ಲದು. ಮೊದಲನೆಯದು ಐವತ್ತು, ಅರವತ್ತು ಎಂದು ತೋರಿಸಿದರೆ ನಿಮ್ಮ ಮಾತು ನಿಜ. ಎರಡು ಸಾವಿರ ಎಂದು ತೋರಿಸಿದರೆ, ಕ್ಷಮಿಸಿ, ಅವರ ಮಾತು ನಿಜ. ಆ ಸ್ಕ್ಯಾನ್ ವರದಿಯ ಮುದ್ರಿತ ಪ್ರತಿಯನ್ನು ನಾಳೆಯೇ ಕೇಳಿ ಪಡೆಯಿರಿ. ಬ್ಯಾಟರಿ ಕಳಚಿದರೆ ಹಲವು ಗಾಡಿಗಳಲ್ಲಿ ಈ ದಾಖಲೆ ಅಳಿಸಿಹೋಗುತ್ತದೆ; ದುರಸ್ತಿ ಮುಗಿದ ಮೇಲೆ ಮೆಕ್ಯಾನಿಕ್ ದೋಷಗಳನ್ನು ಅಳಿಸುವುದಂತೂ ರೂಢಿ. ಅವಸರ ಇರುವುದು ಇಲ್ಲಿ, ಎಸ್ಟಿಮೇಟ್‌ನ ಸಹಿಯಲ್ಲಿ ಅಲ್ಲ.

ಈಗ ಅವರ ನಿಜವಾದ ಕಾರಣಕ್ಕೆ ಬರೋಣ: ತಡವಾದ ಸರ್ವೀಸ್. ವಾರಂಟಿ ತಿರಸ್ಕಾರಗಳಲ್ಲಿ ಬಹುಪಾಲು ಸುತ್ತುವುದು ಇದರ ಸುತ್ತಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಟರ್ಬೊದ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಸಾಮಾನ್ಯ ಡೀಸೆಲ್ ಟರ್ಬೊಗಳಲ್ಲಿ ಅದನ್ನು ಹೊತ್ತಿರುವುದು ಬಾಲ್ ಬೇರಿಂಗ್ ಅಲ್ಲ, ತೆಳ್ಳನೆಯ ಎಣ್ಣೆಯ ಪದರ. ಎಣ್ಣೆ ಹಳತಾಗಿ ಮಡ್ಡಿಗಟ್ಟಿದರೆ, ಅಥವಾ ಎಣ್ಣೆ ಬರುವ ಸಣ್ಣ ಕೊಳವೆ ಕಟ್ಟಿಕೊಂಡರೆ, ದಂಡ ಲೋಹಕ್ಕೆ ಲೋಹ ಉಜ್ಜಿ ಸಾಯುತ್ತದೆ. ಆದ್ದರಿಂದ ‘ಆಯಿಲ್ ತಡವಾಗಿ ಬದಲಿಸಿದಿರಿ, ಟರ್ಬೊ ಹೋಯಿತು’ ಎನ್ನುವುದು ಅರ್ಥವಿಲ್ಲದ ಮಾತಲ್ಲ. ಆದರೆ ಅದು ನಿಮ್ಮ ಗಾಡಿಯಲ್ಲಿ ನಡೆದಿದೆಯೇ ಎಂಬುದನ್ನು ಕಣ್ಣಾರೆ ನೋಡಿ ಹೇಳಬಹುದು, ಸರ್ವೀಸ್ ದಾಖಲೆ ನೋಡಿ ಊಹಿಸಬೇಕಿಲ್ಲ.

ಬಿಚ್ಚಿದ ಟರ್ಬೊವನ್ನು ತೋರಿಸಲು ಹೇಳಿ. ಜೊತೆಗೆ ಡೀಸೆಲ್ ಎಂಜಿನ್ ಬಲ್ಲ ಒಬ್ಬರನ್ನು ಕರೆದೊಯ್ಯಿರಿ. ದಂಡದ ಮೇಲೆ ಬೇರಿಂಗ್ ಕೂರುವ ಜಾಗ ಸುಟ್ಟು ನೀಲಿ ಬಣ್ಣಕ್ಕೆ ತಿರುಗಿದ್ದರೆ ಎಣ್ಣೆ ಸಿಗದೆ ಬಿಸಿಯೇರಿದೆ. ಅದೇ ಜಾಗದಲ್ಲಿ ಸೂಜಿಯಲ್ಲಿ ಗೀರಿದಂತೆ ಸುತ್ತಲೂ ಗೆರೆಗಳಿದ್ದರೆ ಎಣ್ಣೆಯಲ್ಲಿ ಕೊಳಕಿತ್ತು. ಗಾಳಿ ಎಳೆಯುವ ಕಡೆಯ ಚಕ್ರದ ಅಲಗುಗಳ ಅಂಚು ಮುರಿದಿದ್ದರೆ ಹೊರಗಿನಿಂದ ಏನೋ ಒಳಗೆ ಹೋಗಿದೆ. ಏರ್ ಫಿಲ್ಟರ್ ಮತ್ತು ಅದರ ಪೆಟ್ಟಿಗೆ ನೋಡಬೇಕು. ಹೊಗೆ ಹೋಗುವ ಕಡೆಯ ಅಲಗುಗಳು ಮುರಿದಿದ್ದರೆ ಎಂಜಿನ್ನಿನೊಳಗಿಂದಲೇ ತುಂಡೊಂದು ಬಂದಿದೆ. ಇದ್ಯಾವುದೂ ಇಲ್ಲದೆ ದಂಡ ತುಂಡಾಗಿದ್ದರೆ ಅಥವಾ ಅಲಗು ಹೊಂದಿಸುವ ಭಾಗ ಸಿಕ್ಕಿಕೊಂಡಿದ್ದರೆ ಬಿಡಿಭಾಗದ ದೋಷವನ್ನೇ ಮೊದಲು ಅನುಮಾನಿಸಬೇಕು, ಅಂಥದ್ದಕ್ಕಾಗಿಯೇ ಅಲ್ಲವೇ ನೀವು 21,000 ಕಟ್ಟಿದ್ದು.

ಟರ್ಬೊ ಒಂದನ್ನೇ ನೋಡಿ ನಿಲ್ಲಿಸಬೇಡಿ. ಹಳಸಿದ ಎಣ್ಣೆ ಟರ್ಬೊ ಒಂದನ್ನೇ ಹುಡುಕಿಕೊಂಡು ಹೋಗಿ ಕೆಡಿಸುವುದಿಲ್ಲ. ಇಡೀ ಎಂಜಿನ್ನಿನಲ್ಲಿ ಗುರುತು ಬಿಟ್ಟಿರುತ್ತದೆ. ಎಣ್ಣೆ ಹಾಕುವ ಮುಚ್ಚಳ ತೆಗೆದು ಬೆರಳು ಸವರಿ, ಒಳಗೆ ಟಾರ್ಚ್ ಬಿಡಿ. ಕಪ್ಪು ಅಂಟು ದಪ್ಪಗೆ ಮೆತ್ತಿಕೊಂಡಿದೆಯೇ, ಅಥವಾ ಲೋಹ ಕಂದುಬಣ್ಣದಲ್ಲಿ ಕಾಣುತ್ತಿದೆಯೇ? ವಾಲ್ವ್ ಕವರ್ ತೆಗೆದರೆ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಉಜ್ಜಿಹೋಗಿದೆಯೇ? ಕೆಳಗಿನ ಆಯಿಲ್ ಪ್ಯಾನ್ ಇಳಿಸಿ ಎಣ್ಣೆ ಸೋಸುವ ಜಾಲರಿ ನೋಡಿದರೆ ಅದು ಕಟ್ಟಿಕೊಂಡಿದೆಯೇ? ಇವೆಲ್ಲ ಸ್ವಚ್ಛವಾಗಿದ್ದು ಟರ್ಬೊ ಮಾತ್ರ ಹೋಗಿದ್ದರೆ ‘ತಡವಾದ ಸರ್ವೀಸ್’ ಎಂಬ ಕಾರಣ ಗಾಳಿಗೋಪುರ. ಮುಚ್ಚಳದ ಕೆಳಗೇ ಮಡ್ಡಿ ಕಂಡರೆ ನಾನು ನಿಮ್ಮ ಪರ ವರದಿ ಬರೆಯಲಾರೆ. ಎಲ್ಲದರ ಫೋಟೊ ತೆಗೆಯಿರಿ, ಒಂದೆರಡರಲ್ಲಿ ಗಾಡಿಯ ನಂಬರ್ ಪ್ಲೇಟೂ ಬರುವಂತೆ ನೋಡಿಕೊಳ್ಳಿ. ಉಳಿದಿರುವ ಎಂಜಿನ್ ಆಯಿಲ್ ಅನ್ನು ಒಂದು ಶುದ್ಧ ಬಾಟಲಿಯಲ್ಲಿ ಹಿಡಿದು, ಮೊಹರು ಮಾಡಿ, ದಿನಾಂಕ ಹಾಕಿಸಿ, ಸರ್ವೀಸ್ ಸೆಂಟರ್‌ನವರ ಸಹಿ ಪಡೆದು ಇಟ್ಟುಕೊಳ್ಳಿ. ಅವರು ಸಹಿ ಹಾಕಲು ಒಪ್ಪದಿದ್ದರೆ ಆ ಸಂಗತಿಯನ್ನೇ ಅಂದೇ ಇ-ಮೇಲ್‌ನಲ್ಲಿ ಬರೆದು ಕಳಿಸಿ.

ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾದ ಸಾಲು ‘ನಂತರದ ಎರಡು ಸರ್ವೀಸ್‌ಗಳೂ ಇದೇ ಸರ್ವೀಸ್ ಸೆಂಟರ್‌ನಲ್ಲಿ ಆಗಿವೆ’ ಎಂಬುದು. 40,000ದ ಸರ್ವೀಸ್ ತಡವಾದ ಮೇಲೆ ಎರಡು ಸಲ ಅವರೇ ಹಳೆಯ ಎಣ್ಣೆ ಇಳಿಸಿ ಹೊಸದು ಹಾಕಿದ್ದಾರೆ, ಅವರೇ ಗಾಡಿ ಪರೀಕ್ಷಿಸಿ ‘ಸರಿಯಿದೆ’ ಎಂದು ಜಾಬ್ ಕಾರ್ಡ್ ಮುಚ್ಚಿದ್ದಾರೆ. ಸರ್ವೀಸ್ ತಡವಾಗಿದ್ದರಿಂದ ವಾರಂಟಿ ಸತ್ತಿತ್ತು ಎನ್ನುವುದಾದರೆ ಆ ದಿನವೇ ಹೇಳಬೇಕಿತ್ತು. ಹೇಳದೆ, ಮತ್ತೆ ಮತ್ತೆ ಸರ್ವೀಸ್ ಬಿಲ್ ವಸೂಲು ಮಾಡಿ, ಕ್ಲೇಮ್ ಬಂದ ದಿನ ಹಳೆಯ ಕಡತ ತೆಗೆಯುವುದನ್ನು ಯಾವ ಆಯೋಗವೂ ಮೆಚ್ಚುವುದಿಲ್ಲ. ಆ ಜಾಬ್ ಕಾರ್ಡ್‌ಗಳು, ಬಿಲ್‌ಗಳು ಎಲ್ಲವನ್ನೂ ಹುಡುಕಿ ತೆಗೆಯಿರಿ. ಸಿಗದಿದ್ದರೆ ಸರ್ವೀಸ್ ಇತಿಹಾಸದ ಪ್ರತಿ ಕೇಳಿ. ಬಿಲ್‌ನಲ್ಲಿ ಯಾವ ದರ್ಜೆಯ ಎಣ್ಣೆ ಎಂದಿರುತ್ತದೆ. ನಿಮ್ಮದು ಬಿಎಸ್6 ಹೊಗೆ ನಿಯಮದ ಡೀಸೆಲ್. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇದ್ದರೆ ಕಡಿಮೆ ಬೂದಿಯ ಎಣ್ಣೆಯೇ ಬೇಕು. ಕೈಪಿಡಿಯಲ್ಲಿರುವ ದರ್ಜೆ ಒಂದು, ಅವರು ಹಾಕಿರುವುದು ಇನ್ನೊಂದು ಎಂದು ಕಂಡುಬಂದರೆ ಚರ್ಚೆ ಅಲ್ಲಿಗೇ ಮುಗಿಯಿತು.

ಒಂದು ಎಚ್ಚರಿಕೆ ಮಾತ್ರ. ‘ಕಿಲೋಮೀಟರಿಗೆ ಸರಿಯಾಗಿ’ ಎಂದು ಬರೆದಿದ್ದೀರಿ, ದಿನಾಂಕ ಬರೆದಿಲ್ಲ. ಸರ್ವೀಸ್ ಷರತ್ತು ಸಾಮಾನ್ಯವಾಗಿ 10,000 ಕಿಲೋಮೀಟರ್ ಅಥವಾ 12 ತಿಂಗಳು, ಯಾವುದು ಮೊದಲೋ ಅದು, ಎಂದಿರುತ್ತದೆ. ಕಡಿಮೆ ಓಡಾಡುವ ಮನೆಗಳಲ್ಲಿ ಮೀಟರ್ ನೋಡುತ್ತಾರೆ, ಕ್ಯಾಲೆಂಡರ್ ನೋಡುವುದಿಲ್ಲ. 60,000ದ ಸರ್ವೀಸ್ ಆಗಿ 14 ತಿಂಗಳಾಗಿದ್ದರೆ ಅವರ ಕೈಗೆ ಹೊಸ ಆಯುಧ ಸಿಕ್ಕಂತೆ. ಅವರು ಹೇಳುವ ಮೊದಲು ನೀವೇ ಲೆಕ್ಕ ಹಾಕಿಕೊಳ್ಳಿ.

ಇದಾದ ಮೇಲೆ ಪತ್ರ. ಉದ್ದ ಬೇಡ, ಬೈಗುಳ ಬೇಡ, ‘ಕೋರ್ಟಿಗೆ ಎಳೆಯುತ್ತೇನೆ’ ಎಂಬ ಗುಡುಗೂ ಬೇಡ. ಇಷ್ಟು ಸಾಕು:

‘ಈ ನೋಂದಣಿ ಸಂಖ್ಯೆಯ ನನ್ನ ವಾಹನದ ಟರ್ಬೊ ವಿಸ್ತರಿತ ವಾರಂಟಿಯ ಅವಧಿಯಲ್ಲಿ ವಿಫಲವಾಗಿದೆ. ಕ್ಲೇಮ್ ತಿರಸ್ಕರಿಸಲಾಗಿದೆ ಎಂದು ದೂರವಾಣಿಯಲ್ಲಿ ತಿಳಿಸಿದ್ದೀರಿ. ಕ್ಲೇಮ್ ಸಂಖ್ಯೆ, ತಿರಸ್ಕರಿಸಿದವರ ಹುದ್ದೆ, ನೀವು ಆಧರಿಸಿರುವ ಷರತ್ತಿನ ಸಂಖ್ಯೆ, ಆ ಷರತ್ತಿನ ಉಲ್ಲಂಘನೆಯಿಂದಲೇ ಟರ್ಬೊ ವಿಫಲವಾಯಿತು ಎಂಬುದಕ್ಕೆ ನಿಮ್ಮಲ್ಲಿರುವ ತಾಂತ್ರಿಕ ವರದಿ ಮತ್ತು ಫೋಟೊಗಳು, ಸ್ಕ್ಯಾನ್ ವರದಿ ಇವುಗಳನ್ನು ಏಳು ದಿನಗಳೊಳಗೆ ಬರವಣಿಗೆಯಲ್ಲಿ ಕೊಡಿ. ಅಲ್ಲಿಯವರೆಗೆ ವಿಫಲವಾದ ಬಿಡಿಭಾಗವನ್ನು ಅದೇ ಸ್ಥಿತಿಯಲ್ಲಿ ಕಾಯ್ದಿಡಿ. ನಿಮ್ಮ ಉತ್ತರಕ್ಕಾಗಿ ವಾಹನ ನಿಂತಿರುವುದರಿಂದ ನಿಲುಗಡೆ ಶುಲ್ಕಕ್ಕೆ ನಾನು ಹೊಣೆಯಲ್ಲ.’

ಇದನ್ನು ಡೀಲರ್‌ಗೆ, ಕಂಪನಿಯ ಗ್ರಾಹಕ ವಿಭಾಗಕ್ಕೆ ಮತ್ತು ವಾರಂಟಿ ಪ್ರಮಾಣಪತ್ರದಲ್ಲಿ ಯಾರ ಹೆಸರಿದೆಯೋ ಅವರಿಗೆ ಇ-ಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಮೂವರಿಗೂ ಯಾಕೆ? ವಿಸ್ತರಿತ ವಾರಂಟಿ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಸರಕು ಮಾರಾಟವಾಗುತ್ತಿದೆ. ಕೆಲವು ಕಂಪನಿಯದೇ. ಕೆಲವನ್ನು ಡೀಲರ್ ಮಾರುತ್ತಾರೆ, ಹಣ ಕೊಡಬೇಕಾದವರು ಮೂರನೆಯವರು. ಇನ್ನು ಕೆಲವುದರ ಹಿಂದೆ ವಿಮಾ ಕಂಪನಿ ಇರುತ್ತದೆ. ಷೋರೂಮಿನಲ್ಲಿ ಕಂಪನಿಯ ಬೋರ್ಡಿನ ಕೆಳಗೆ ಕುಳಿತು ಕೊಂಡ ಮಾತ್ರಕ್ಕೆ ಕಂಪನಿ ಹೊಣೆ ಎಂದಾಗುವುದಿಲ್ಲ. ಟಾಟಾ ಮೋಟರ್ಸ್ ಮತ್ತು ಗೋವಾದ ಗ್ರಾಹಕರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಇದನ್ನೇ ಹೇಳಿತು: ಡೀಲರ್ ಹಳೆಯ ಮಾದರಿಯ ಕಾರನ್ನು ಹೊಸದೆಂದು ಮಾರಿದ್ದಕ್ಕೆ, ತಯಾರಕರಿಗೆ ಅದು ಗೊತ್ತಿತ್ತು ಎಂದು ತೋರಿಸದ ಹೊರತು, ತಯಾರಕರನ್ನು ಹೊಣೆ ಮಾಡಲಾಗದು. ಹೀಗಾಗಿ ಯಾರನ್ನೂ ಬಿಡಬೇಡಿ. ಬಿಟ್ಟರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸಿ ಇಬ್ಬರೂ ಜಾರಿಕೊಳ್ಳುತ್ತಾರೆ.

ಪ್ರಮಾಣಪತ್ರದ ಜೊತೆ ಷರತ್ತುಗಳ ಪುಸ್ತಿಕೆ ನಿಮಗೆ ಕೊಟ್ಟಿದ್ದರೇ? ಬಹಳ ಜನರಿಗೆ ಒಂದು ಪುಟದ ರಸೀದಿಯಷ್ಟೇ ಸಿಕ್ಕಿರುತ್ತದೆ. ತಿಳಿಸದೇ ಇದ್ದ ವಿನಾಯಿತಿ ಷರತ್ತನ್ನು, ಅಂದರೆ ಇಂಥದ್ದಕ್ಕೆ ಹಣವಿಲ್ಲ ಎನ್ನುವ ಷರತ್ತನ್ನು, ಹಿಡಿದು ವಿಮಾ ಕಂಪನಿ ಪರಿಹಾರ ನಿರಾಕರಿಸಲಾಗದು ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಮಾಡರ್ನ್ ಇನ್ಸುಲೇಟರ್ಸ್ ಪ್ರಕರಣದಲ್ಲಿ ಹೇಳಿದೆ. ವಿನಾಯಿತಿ ಷರತ್ತು ಅನ್ವಯಿಸುತ್ತದೆ ಎಂದು ಸಾಬೀತು ಮಾಡುವ ಹೊರೆ ಅದನ್ನು ಮುಂದೊಡ್ಡುವವರದೇ ಎಂಬುದು ಕೂಡ ವಿಮಾ ಪ್ರಕರಣಗಳಲ್ಲಿ ನೆಲೆಗೊಂಡ ಮಾತು. ನಿಮ್ಮ ವಾರಂಟಿ ವಿಮೆಯೇ ಅಲ್ಲದಿರಬಹುದು, ಆದರೆ ತರ್ಕ ಒಂದೇ, ಆಯೋಗದ ಮುಂದೆ ಹೇಳಬಹುದಾದದ್ದು.

ಪತ್ರ ಹೋದ ಮೇಲೆ ಹೆಚ್ಚಿನ ಪ್ರಕರಣಗಳಲ್ಲಿ ಬರುವುದು ಗುಡ್‌ವಿಲ್ ಎಂಬ ರಾಜಿ. ‘ಷರತ್ತಿನ ಪ್ರಕಾರ ಕೊಡಬೇಕಿಲ್ಲ, ಆದರೂ ಬಿಡಿಭಾಗದ ಬೆಲೆಯಲ್ಲಿ ಇಷ್ಟು ಪಾಲು ಕಂಪನಿ ಭರಿಸುತ್ತದೆ’ ಎನ್ನುತ್ತಾರೆ. ಇದನ್ನು ಅವಮಾನವೆಂದು ಭಾವಿಸಬೇಡಿ. ಎಂಜಿನ್ನಿನಲ್ಲಿ ಮಡ್ಡಿ ಕಂಡಿದ್ದರೆ, ಅಥವಾ 12 ತಿಂಗಳ ಲೆಕ್ಕ ತಪ್ಪಿದ್ದರೆ, ಅರ್ಧ ಕೊಟ್ಟರೂ ತೆಗೆದುಕೊಳ್ಳಿ. ಎಲ್ಲವೂ ಸ್ವಚ್ಛವಿದ್ದರೆ ಬಿಡಿಭಾಗ ಪೂರ್ತಿ ಅವರದು, ಕೂಲಿ ನನ್ನದು ಎನ್ನುವವರೆಗೆ ಚೌಕಾಸಿ ಮಾಡಿ. ಯಾವುದೇ ಆದರೂ ‘ಪೂರ್ಣ ಮತ್ತು ಅಂತಿಮ’ ಎಂಬ ಕಾಗದಕ್ಕೆ ಸಹಿ ಹಾಕಿದ ಮೇಲೆ ಆಯೋಗದ ಬಾಗಿಲು ಬಹುತೇಕ ಮುಚ್ಚುತ್ತದೆ ಎಂದು ತಿಳಿದೇ ಹಾಕಿ.

ಗಾಡಿ ಇಲ್ಲದೆ ದಿನ ಸಾಗದು ಎಂದಾದರೆ ದುರಸ್ತಿ ಮಾಡಿಸಿ, ಆದರೆ ಎಸ್ಟಿಮೇಟ್ ಮತ್ತು ಬಿಲ್ ಎರಡರ ಮೇಲೂ ‘ನನ್ನ ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ’ ಎಂದು ಕೈಯಲ್ಲಿ ಬರೆದು ಸಹಿ ಮಾಡಿ. ಹಳೆಯ ಟರ್ಬೊವನ್ನು ಮನೆಗೆ ತನ್ನಿ. ನೀವು ಹಣ ಕೊಟ್ಟ ಮೇಲೆ ಅದು ನಿಮ್ಮದು. ಹಳೆಯದನ್ನು ಹಿಂದಕ್ಕೆ ಕೊಟ್ಟರೆ ಮಾತ್ರ ಈ ಬೆಲೆ ಎನ್ನುವ ಪದ್ಧತಿಯೂ ಇದೆ. ಹಾಗಿದ್ದರೆ ಆ ವ್ಯತ್ಯಾಸದ ಹಣ ಕೊಟ್ಟಾದರೂ ಇಟ್ಟುಕೊಳ್ಳಿ, ಏಕೆಂದರೆ ಪರೀಕ್ಷೆಗೆ ಕಳಿಸಲು ವಸ್ತುವೇ ಇಲ್ಲದಿದ್ದರೆ ಕೇಸೂ ಇಲ್ಲ. ಹೊಸ ಟರ್ಬೊ ಕೂಡಿಸುವಾಗ ಎಣ್ಣೆಯ ಕೊಳವೆ ಬದಲಿಸಿ, ಜಾಲರಿ ತೊಳೆದು, ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನಲ್ಲಿ ನಿಂತಿರುವ ಎಣ್ಣೆ ತೆಗೆದಿದ್ದಾರೆಯೇ ಎಂದು ಕೇಳಿ. ಇಲ್ಲದಿದ್ದರೆ ಹೊಸದೂ ಹಳೆಯದರ ಹಾದಿ ಹಿಡಿಯುತ್ತದೆ.

ಆಯೋಗದ ಬಗ್ಗೆ ಕೇಳಿದ್ದೀರಿ. ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ ದೂರು ದಾಖಲಿಸಿ, ಕನ್ನಡದಲ್ಲೇ ಮಾತನಾಡಬಹುದು. ಅವರಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಆದರೆ ದೂರು ಡೀಲರ್‌ನ ಮೇಜಿನಿಂದ ಕಂಪನಿಯ ಮೇಜಿಗೆ ಹೋಗುತ್ತದೆ, ಅದೇ ಎಷ್ಟೋ ಸಲ ಸಾಕಾಗುತ್ತದೆ. ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹಾಸನದ ಜಿಲ್ಲಾ ಆಯೋಗಕ್ಕೇ ದೂರು ಕೊಡಬಹುದು; ಕಂಪನಿ ಎಲ್ಲೇ ಇರಲಿ, ನೀವು ವಾಸಿಸುವ ಊರಿನಲ್ಲಿ ದೂರು ಹೂಡಲು ಈ ಕಾಯ್ದೆ ಅವಕಾಶ ಕೊಟ್ಟಿದೆ. ನೀವು ಕೊಟ್ಟ ಬೆಲೆ 50 ಲಕ್ಷ ರೂಪಾಯಿಯವರೆಗಿದ್ದರೆ ಜಿಲ್ಲಾ ಆಯೋಗ ಸಾಕು. ಶುಲ್ಕವೂ ಆ ಬೆಲೆಯ ಮೇಲೆಯೇ: ಐದು ಲಕ್ಷದವರೆಗೆ ಏನೂ ಇಲ್ಲ, ಕಾರಿನ ಬೆಲೆಯನ್ನೇ ಲೆಕ್ಕಕ್ಕೆ ಹಿಡಿದು ಅದು ಹತ್ತರಿಂದ ಇಪ್ಪತ್ತು ಲಕ್ಷದ ನಡುವೆ ಇದ್ದರೆ 400 ರೂಪಾಯಿ. ವಕೀಲರು ಕಡ್ಡಾಯವಲ್ಲ. 2025ರ ಜನವರಿಯಿಂದ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ತಿರಸ್ಕಾರವಾದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ.

ದೂರಿನಲ್ಲಿ ‘ಸೇವಾ ನ್ಯೂನತೆ’ ಮತ್ತು ‘ಅನುಚಿತ ವ್ಯಾಪಾರ ಪದ್ಧತಿ’ ಎಂದು ಬರೆಯಿರಿ. ‘ಅನ್ಯಾಯದ ಕರಾರು’ ಎಂಬ ಹೊಸ ಆಧಾರ ಈ ಕಾಯ್ದೆಯಲ್ಲಿದೆ, ಕೇಳಲೂ ಚೆನ್ನಾಗಿದೆ, ಆದರೆ ಅದನ್ನು ವಿಚಾರಿಸುವ ಅಧಿಕಾರ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗಿದೆಯೇ ಹೊರತು ಜಿಲ್ಲಾ ಆಯೋಗಕ್ಕಿಲ್ಲ. ಅಂಥ ಒಂದು ಪದದಿಂದ ಎದುರು ವಕೀಲರಿಗೆ ತಕರಾರು ತೆಗೆಯಲು ದಾರಿ ಮಾಡಿಕೊಡಬೇಡಿ. ಹೊಸ ಕಾರು ಕೊಡಿಸಿ ಎಂದೂ ಕೇಳಬೇಡಿ. ವಾರಂಟಿ ಬಿಡಿಭಾಗ ಬದಲಿಸುವ ಮಾತು ಕೊಟ್ಟಿದ್ದರೆ ಬಿಡಿಭಾಗವನ್ನಷ್ಟೇ ಕೇಳಬಹುದು, ಕಾರನ್ನಲ್ಲ ಎಂದು 2006ರಲ್ಲೇ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. 94,000 ರೂಪಾಯಿ, ಅದರ ಬಡ್ಡಿ, ಬಾಡಿಗೆ ಗಾಡಿಯ ಖರ್ಚಿನ ರಸೀದಿಗಳು, ಮಾನಸಿಕ ಯಾತನೆಗೆ ಒಂದು ಹಿತಮಿತವಾದ ಮೊತ್ತ, ವ್ಯಾಜ್ಯದ ವೆಚ್ಚ. ಹತ್ತು ಲಕ್ಷ ಕೇಳಿದರೆ ಹತ್ತು ಲಕ್ಷ ಬರುವುದಿಲ್ಲ, ನಂಬಿಕೆ ಹೋಗುತ್ತದೆ.

ತಾಂತ್ರಿಕ ವಿಷಯ ವಿವಾದದಲ್ಲಿದ್ದರೆ ಆಯೋಗವೇ ಬಿಡಿಭಾಗವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. 38ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಅರ್ಜಿ ಹಾಕಿ ಕೇಳಿ, ತಾನಾಗಿ ಆಗುತ್ತದೆ ಎಂದು ಕೂರಬೇಡಿ. ಏರ್‌ಬ್ಯಾಗ್ ತೆರೆಯದ ಹ್ಯುಂಡೈ ಪ್ರಕರಣವೊಂದರಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್, ಡಿಕ್ಕಿಯ ವೇಗ ಮತ್ತು ಬಲದ ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ ಎಂಬ ಅರ್ಥದ ಮಾತು ಹೇಳಿತು. ಉಪಯುಕ್ತ ತೀರ್ಪು. ಆದರೂ ಟರ್ಬೊದಂಥ ವಿಷಯದಲ್ಲಿ ತಜ್ಞರ ವರದಿಯಿಲ್ಲದೆ ಗೆಲ್ಲುವುದು ಕಷ್ಟ. ಎದುರುದಾರರು ನೋಟಿಸ್ ತಲುಪಿದ 30 ದಿನದೊಳಗೆ, ಆಯೋಗ ಹೆಚ್ಚಿನ ಸಮಯ ಕೊಟ್ಟರೆ ಇನ್ನು 15 ದಿನದೊಳಗೆ ಉತ್ತರ ಕೊಡಬೇಕು. ಆ 45 ದಿನದ ಗಡಿ ಮೀರುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಪರೀಕ್ಷೆ ಬೇಕಾದ ದೂರನ್ನು ಐದು ತಿಂಗಳಲ್ಲಿ ಇತ್ಯರ್ಥ ಮಾಡಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕಾಲಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಆಯೋಗದಲ್ಲೇ ಮಧ್ಯಸ್ಥಿಕೆಯ ಅವಕಾಶವಿದೆ, ಒಪ್ಪಿಕೊಳ್ಳಿ. ಮೊದಲು ಕೊಡದ ಗುಡ್‌ವಿಲ್ ಅಲ್ಲಿ ಬರುವುದು ಅಪರೂಪವಲ್ಲ.

ವಾರಂಟಿ ಕೊಂಡದ್ದೇ ದಂಡವಾಯಿತೇ ಎಂಬ ಬೇಸರ ನಿಮ್ಮ ಪತ್ರದಲ್ಲಿದೆ. ನನ್ನ ಅಭಿಪ್ರಾಯದಲ್ಲಿ ಇಲ್ಲ. ಟರ್ಬೊ ಡೀಸೆಲ್, ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಇಂಥ ದುಬಾರಿ ಯಂತ್ರಗಳಿಗೆ ತಯಾರಕರದೇ ವಾರಂಟಿ ಕೊಳ್ಳುವುದು ಸರಿ. ಟರ್ಬೊ ಇಲ್ಲದ, ಕೈಯಲ್ಲಿ ಗೇರ್ ಹಾಕುವ ಸಣ್ಣ ಪೆಟ್ರೋಲ್ ಗಾಡಿಗೆ ನಾನಂತೂ ಆ ಹಣವನ್ನು ಬ್ಯಾಂಕಿನಲ್ಲಿಡುತ್ತೇನೆ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಬ್ಯಾಟರಿ, ರಬ್ಬರ್ ಬುಷ್, ಇಲಿ ಕಡಿದ ವೈರು ಇವ್ಯಾವುವೂ ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ, ಇವುಗಳಿಗಾಗಿ ಜಗಳವಾಡಿ ಫಲವಿಲ್ಲ. ಮಳೆನೀರಿನಲ್ಲಿ ಓಡಿಸಿ ಎಂಜಿನ್ ಸಿಕ್ಕಿಕೊಂಡರೂ ಅಷ್ಟೇ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾದಾಗ ನೀರು ಕುಡಿದ ಎಂಜಿನ್‌ಗಳು ವಾರಂಟಿಯ ವಿಷಯವಲ್ಲ, ವಿಮೆಯ ವಿಷಯ; ಅದೂ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಕೊಂಡವರಿಗೆ.

ಮಗಳ ವಿಷಯಕ್ಕೆ ಬಂದರೆ, ಕರೆ ಮಾಡಿ ಮಾರುವವರಿಂದ ಏನನ್ನೂ ಕೊಳ್ಳಬೇಡ ಎಂದು ಹೇಳಿ. ಅಮೆರಿಕದಲ್ಲಿ ಅಂಥವರು ಮಾರುವುದು ತಯಾರಕರ ವಾರಂಟಿಯಲ್ಲ, ಖಾಸಗಿ ಸೇವಾ ಕರಾರು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ದಾರಿ ತಪ್ಪಿಸುವ ಜಾಹೀರಾತಿನ ಆರೋಪದ ಮೇಲೆ ಕಾರ್‌ಶೀಲ್ಡ್ ಎಂಬ ದೊಡ್ಡ ಮಾರಾಟ ಸಂಸ್ಥೆಯಿಂದ 2024ರ ಜುಲೈನಲ್ಲಿ ಒಂದು ಕೋಟಿ ಡಾಲರ್ ಕಟ್ಟುವ ಒಪ್ಪಂದ ಪಡೆಯಿತು. ಯಾವುದೇ ರಿಪೇರಿಗೂ ಹಣ ಬರುತ್ತದೆ ಎಂಬಂತೆ ನಂಬಿಸಿ, ಕ್ಲೇಮ್ ಬಂದಾಗ ಒಳಪಡುವುದಿಲ್ಲ ಎಂದದ್ದೇ ಅಲ್ಲಿನ ದೂರಿನ ತಿರುಳು. ಹೊರಗಿನ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದ ಮಾತ್ರಕ್ಕೆ ತಯಾರಕರು ವಾರಂಟಿ ನಿರಾಕರಿಸುವಂತಿಲ್ಲ ಎಂಬ ಕಾನೂನು ಅಲ್ಲಿ 1975ರಿಂದಲೇ ಇದೆ, ಮ್ಯಾಗ್ನಸನ್–ಮಾಸ್ ಕಾಯ್ದೆ ಎಂದು ಹೆಸರು. ಬೇಕೇಬೇಕೆಂದರೆ ತಯಾರಕರಿಂದಲೇ, ಮೂಲ ವಾರಂಟಿ ಮುಗಿಯುವ ಮೊದಲು, ಕರಾರಿನ ಪೂರ್ತಿ ಪಠ್ಯ ಓದಿ ಕೊಳ್ಳಲಿ.

ನೀವು ಮಾತ್ರ ನಾಳೆ ಬೆಳಿಗ್ಗೆ ಸರ್ವೀಸ್ ಸೆಂಟರ್‌ಗೆ ಹೋಗಿ ಸ್ಕ್ಯಾನ್ ವರದಿ, ಫೋಟೊ, ಎಣ್ಣೆಯ ಮಾದರಿ ಮೂರನ್ನೂ ಪಡೆಯಿರಿ. ಪತ್ರವನ್ನು ಸಂಜೆ ಬರೆದರೂ ನಡೆಯುತ್ತದೆ. ಅವರ ಲಿಖಿತ ಉತ್ತರ ಬಂದಾಗ ಅದರ ಪ್ರತಿಯನ್ನೂ 60,000ದ ಸರ್ವೀಸ್ ಬಿಲ್ಲನ್ನೂ ಕಳಿಸಿಕೊಡಿ. ಯಾವ ಷರತ್ತನ್ನು ಹಿಡಿದಿದ್ದಾರೆ ಎಂದು ನೋಡಿ ಮುಂದಿನ ಮಾತು ಹೇಳುತ್ತೇನೆ.